ಗಡಿಯಾರದಕ್ಕನ ಒಂದು ಗಂಟೆ

ರೇಡಿಯೋ ಸ್ಟೇಷನ್ನಿನಲ್ಲಿ ಆಕೆಯನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಗೇಟಿನ ಕಾವಲುಗಾರನಿಂದ ಹಿಡಿದು ನಿರ್ದೇಶಕರವರೆಗೂ ಎಲ್ಲರ ಬಾಯಲ್ಲೂ ಗಡಿಯಾರದಕ್ಕ. ಕೈಗೆ ಗಡಿಯಾರ ಕಟ್ಟುತ್ತಿದ್ದಳೋ ಅಂದರೆ, ಅದೂ ಇಲ್ಲ. ಮೇಲಿನ ಮಹಡಿಯ ಟೇಪು ಲೈಬ್ರರಿಯಲ್ಲಿ ಸಾವಿರದ ಇನ್ನೂರು ಡಬ್ಬಗಳಿದ್ದವು. ಯಾವ ಡಬ್ಬದಲ್ಲಿ ಯಾರ ಸಂಗೀತ, ಎಷ್ಟು ನಿಮಿಷ, ಮೇಲೆ ಎಷ್ಟು ಸೆಕೆಂಡು ಅನ್ನೋದೆಲ್ಲ ಅವಳ ನಾಲಿಗೆ ತುದಿಯಲ್ಲಿತ್ತು. ಹಾಗಾಗಿ ಆ ಹೆಸರು ಅಂಟಿಕೊಂಡಿತು, ಅವಳೂ ಬಿಡಿಸಿಕೊಳ್ಳಲು ಹೋಗಲಿಲ್ಲ.

ಅವಳ ಕೆಲಸ ಏನು ಗೊತ್ತೇ? ತೂತು ಮುಚ್ಚೋದು. ಯಾರೋ ದೊಡ್ಡವರು ಹದಿನೈದು ನಿಮಿಷ ಭಾಷಣ ಮಾಡ್ತೀನಿ ಅಂತ ಬಂದು ಹನ್ನೆರಡಕ್ಕೇ ಗಂಟಲು ಒಣಗಿಸಿಕೊಂಡು ಎದ್ದುಬಿಡುತ್ತಿದ್ದರು. ವಾರ್ತೆಗೆ ಇನ್ನೂ ಮೂರು ನಿಮಿಷ. ರೇಡಿಯೋ ಸುಮ್ಮನಿದ್ದರೆ ಊರೆಲ್ಲ ಸ್ಟೇಷನ್ ಮುಚ್ಚಿತು ಅಂದುಕೊಳ್ಳುತ್ತದೆ. ಕೆಳಗಿಂದ ಫೋನು ಬರುತ್ತಿತ್ತು: "ಅಕ್ಕಾ, ಮೂರು ನಿಮಿಷ!" ಅವರು ಫೋನಿಡುವಷ್ಟರಲ್ಲಿ ಅವಳು ಡಬ್ಬ ಹಿಡಿದು ಮೆಟ್ಟಿಲ ಮೇಲಿರುತ್ತಿದ್ದಳು. ಅದಕ್ಕೆ ಫಿಲ್ಲರ್ ಅಂತ ಹೆಸರು. ಹೆಸರಾಂತರ ಟೇಪನ್ನು ಅದಕ್ಕೆ ಬಳಸುವಂತಿಲ್ಲ, ಅವರಿಗೆ ಪೂರ್ತಿ ಹೊತ್ತು ಕೊಡಬೇಕು. ಬಡಪಾಯಿ ಕಲಾವಿದರ ಟೇಪೇ ಆಗಬೇಕು. ಹಾಡು ಇನ್ನೇನು ಕಣ್ಣು ಬಿಡ್ತಾ ಇದೆ ಅನ್ನುವಾಗ ವಾರ್ತೆಯ ಹೊತ್ತಾಗುತ್ತಿತ್ತು. ದನಿ ಮೆಲ್ಲಗೆ ತಗ್ಗಿಸಿ ಕತ್ತು ಹಿಚುಕುತ್ತಿದ್ದರು. ಉಣ್ಣುತ್ತಿದ್ದವನ ಮುಂದಿಂದ ತಟ್ಟೆ ಎಳೆದ ಹಾಗೆ.

ಎಂಟನೇ ಕ್ಲಾಸು ಓದಿದವಳು, ಡಬ್ಬ ಎತ್ತಿಡೋಳು, ಇವಳಿಗೇನು ಸಂಗೀತ ಅಂತ ಬೆನ್ನ ಹಿಂದೆ ಆಡಿಕೊಂಡವರಿಗೇನು ಕಡಿಮೆಯಿಲ್ಲ. ಕತ್ತೆಗೇನು ಗೊತ್ತು ಕಸ್ತೂರಿ ವಾಸನೆ ಅಂತ ಒಬ್ಬ ಮಹಾನುಭಾವ ಅಂದಿದ್ದನ್ನು ಅವಳೇ ಕಿವಿಯಾರೆ ಕೇಳಿದ್ದಳು. ಆ ಮಹಾನುಭಾವನಿಗೆ ಒಂದು ವಿಷಯ ಗೊತ್ತಿರಲಿಲ್ಲ. ಟೇಪಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಳ್ಳಬಾರದು ಅಂತ ವರ್ಷಕ್ಕೊಮ್ಮೆ ಪ್ರತಿಯೊಂದನ್ನೂ ಬಿಚ್ಚಿ ಮತ್ತೆ ಸುತ್ತಬೇಕು. ಮೆಷಿನ್ನಿಗೆ ಹಾಕಿ ಜೋರಾಗಿ ತಿರುಗಿಸಿದರೆ ಎರಡು ನಿಮಿಷದ ಕೆಲಸ. ಇವಳು ತಿರುಗಿಸಲಿಲ್ಲ, ನುಡಿಸಿದಳು. ಕಿವಿಗೆ ಹೆಡ್‌ಫೋನು ಏರಿಸಿ, ಕೈಯಲ್ಲಿ ಧೂಳು ಒರೆಸೋ ಬಟ್ಟೆ ಹಿಡಿದು, ಒಂದೊಂದನ್ನೂ ಮೊದಲಿಂದ ಕೊನೆವರೆಗೆ ಕೇಳಿದಳು. ಇಪ್ಪತ್ತೆಂಟು ವರ್ಷ, ವರ್ಷಕ್ಕೆ ಸಾವಿರದ ಇನ್ನೂರು. ಯಾವ ಪಂಡಿತ ಕೇಳಿದಾನೆ ಅಷ್ಟು, ಹೇಳಿ ನೋಡೋಣ!

ಅವಳು ನಿವೃತ್ತಿಯಾಗುವ ತಿಂಗಳು ನಿರ್ದೇಶಕರು ಕರೆಸಿ, "ಅಕ್ಕಾ, ಈ ಭಾನುವಾರದ ಮೆಚ್ಚಿನ ಸಂಗೀತ ನಿಮ್ದು," ಅಂದರು. ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಹತ್ತು, ನೇರ ಪ್ರಸಾರ, ಹತ್ತು ಹೊಡೆದರೆ ವಾರ್ತೆ. ಡಾಕ್ಟರು, ಜಡ್ಜು, ಪ್ರೊಫೆಸರು ಇಂಥವರು ಬಂದು ತಮಗೆ ಮೆಚ್ಚಿಗೆಯಾದ ಐದು ಶಾಸ್ತ್ರೀಯ ರಚನೆ ಆರಿಸಿ ಕೇಳಿಸೋ ಕಾರ್ಯಕ್ರಮ. ಅವರು ಆರಿಸಿದ್ದನ್ನೆಲ್ಲ ಇಷ್ಟು ವರ್ಷ ಹೊತ್ತು ತಂದು ಕೊಟ್ಟವಳೇ ಇವಳು. ಆ ಕುರ್ಚಿ ಮೇಲೆ ತಾನು? ಅವಳಿಗೆ ನೆಲ ಕಾಣಲಿಲ್ಲ.

ಕಾರ್ಯಕ್ರಮ ನಡೆಸೋ ಸಾಹೇಬರು ಮಾತ್ರ ಹುಳ್ಳಗೆ ನಕ್ಕರು. ಒಳ್ಳೆಯವರೇ, ಆದರೆ ಸಂಗೀತ ಓದಿದ್ದೀನಿ ಅನ್ನೋ ಬಿಗುಮಾನ ಕಾಲರಿನಷ್ಟೇ ಗಟ್ಟಿ. ಒಂದು ಚೀಟಿ ಮುಂದೆ ಚಾಚಿ, "ನೀವು ತಲೆ ಕೆಡಿಸ್ಕೋಬೇಡಿ ಅಕ್ಕ, ಐದೂ ನಾನೇ ಬರೆದಿದೀನಿ. ಎಲ್ಲ ಘಟಾನುಘಟಿಗಳು," ಅಂದರು.

"ಮೆಚ್ಚೋಳು ನಾನು, ಆರ್ಸೋರು ನೀವಾ ಸಾರ್? ಚೆನ್ನಾಗಿದೆಯಲ್ಲ ನ್ಯಾಯ!" ಅಂದಳು. ಆದರೂ ಹಿರಿಯರ ಮಾತು ಪೂರ್ತಿ ತಳ್ಳಿಹಾಕಬಾರದು ಅಂತ ಅವರ ಚೀಟಿಯಿಂದ ಒಂದನ್ನು ಇಟ್ಟುಕೊಂಡಳು, ಹೆಸರಾಂತ ಅಣ್ಣ-ತಂಗಿಯ ಜೋಡಿ ಗಾಯನ, ಹನ್ನೆರಡು ನಿಮಿಷ. ಮಿಕ್ಕ ನಾಲ್ಕು ತನ್ನವು. ನಾಲ್ಕೂ ಫಿಲ್ಲರ್ ಡಬ್ಬಗಳೇ.

ನಾಲ್ಕು ಆರಿಸೋಕೆ ಎಂಟು ದಿನ ಹಿಡಿಯಿತು. ಗಂಡ ಟೈಲರು, ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಮೆಷಿನ್ನು. ಕಾಜಾ ಹಾಕುತ್ತಾ ಕೂತವನ ಎದುರು ಇವಳು, "ಕೊಳಲು ಬಿಡ್ಲಾ, ಕ್ಲಾರಿಯೊನೆಟ್ ಬಿಡ್ಲಾ ರೀ?" ಅಂತ ಗೋಳಾಡಿದಳು.

"ಹೆತ್ತವರಿಗೆ ಹೆಗ್ಗಣ ಮುದ್ದು ಕಣೇ, ಯಾವ್ದನ್ನ ಬಿಟ್ರೂ ಅಳ್ತೀಯ. ಎರಡನ್ನೂ ಇಟ್ಕೊ," ಅಂದ ಅವನು, ಸೂಜಿಯಿಂದ ಕಣ್ಣೆತ್ತದೆ.

ಒಂದು ಮಾತ್ರ ಮೊದಲ ದಿನವೇ ಗಟ್ಟಿಯಾಗಿತ್ತು, ಪಿಟೀಲು ಮೇಷ್ಟ್ರದ್ದು. ಮೇಷ್ಟ್ರು ಸ್ಟೇಷನ್ನಿನ ನಿಲಯ ಕಲಾವಿದರು. ಮೂವತ್ತು ವರ್ಷ ಹಾಡುವವರ ಪಕ್ಕದಲ್ಲಿ ಕೂತು ಅವರ ಹಿಂದೆ ಹಿಂದೆ ನುಡಿಸಿದವರು. ಒಂಟಿಯಾಗಿ ನುಡಿಸಿದ ಟೇಪು ಒಂದೇ ಒಂದು, ಹನ್ನೊಂದು ನಿಮಿಷ ನಲವತ್ತು ಸೆಕೆಂಡು. ಫಿಲ್ಲರಾಗಿ ಅದು ನೂರಾರು ಸಲ ಹೊರಗೆ ಹೋಗಿತ್ತು, ಮೂರು ನಿಮಿಷದ ಗಡಿ ದಾಟಿದ್ದು ಒಮ್ಮೆಯೂ ಇಲ್ಲ. ತಮ್ಮ ನಿವೃತ್ತಿಯ ದಿನ ಮೇಷ್ಟ್ರು ಲೈಬ್ರರಿ ಬಾಗಿಲಲ್ಲಿ ನಿಂತು, "ಒಂದ್ಸಲ, ಒಂದೇ ಒಂದ್ಸಲ ಪೂರ್ತಿ ಕೇಳ್ಸಮ್ಮ, ನಾನಿರೋ ಹೊತ್ತಿಗೆ," ಅಂದಿದ್ದರು. ಅವಳು ಹೂಂ ಅಂದಿದ್ದಳು. ಈಗ ಮೇಷ್ಟ್ರಿಗೆ ಎಂಬತ್ತೊಂದು. ಶನಿವಾರ ಅವಳೇ ಫೋನು ಮಾಡಿ, "ನಾಳೆ ಒಂಬತ್ತಕ್ಕೆ ರೇಡಿಯೋ ಹಾಕ್ಕೊಂಡು ಕೂತ್ಕೊಳ್ಳಿ, ಕೊನೇಲಿ ಬರ್ತೀರಿ, ಪೂರ್ತಿ ಬರ್ತೀರಿ," ಅಂತ ಮಾತು ಕೊಟ್ಟಳು.

ಲೆಕ್ಕದ ಹಾಳೆ ಅವಳೇ ಬರೆದಳು. ಅಜ್ಜಿಯೊಬ್ಬರ ಗಾಯನ ಹದಿನೈದು ನಿಮಿಷ ಇಪ್ಪತ್ತು ಸೆಕೆಂಡು. ಕೊಳಲು ಹತ್ತು ನಿಮಿಷ ಹದಿನೈದು ಸೆಕೆಂಡು. ಕ್ಲಾರಿಯೊನೆಟ್ ಒಂಬತ್ತು ಐದು. ಅಣ್ಣ-ತಂಗಿ ಹನ್ನೆರಡು. ಪಿಟೀಲು ಹನ್ನೊಂದು ನಲವತ್ತು. ಶುರುವಿನ ಘೋಷಣೆಗೆ ನಲವತ್ತು ಸೆಕೆಂಡು, ಮುಗಿಸೋ ಮಾತಿಗೆ ಒಂದು ನಿಮಿಷ. ಕೂಡಿದರೆ ಕರಾರುವಾಕ್ಕಾಗಿ ಅರವತ್ತು. ಸಾಹೇಬರು ಹಾಳೆ ನೋಡಿ ಹಾಗೇ ಸಹಿ ಹಾಕಿದರು. ಗಡಿಯಾರದಕ್ಕ ಕೂಡಿಸಿದ್ದನ್ನು ಮತ್ತೆ ಕೂಡಿಸೋ ಹುಚ್ಚು ಯಾರಿಗಿದೆ?

ಭಾನುವಾರ ಒಂಬತ್ತಕ್ಕೆ ಕೆಂಪು ದೀಪ ಹತ್ತಿತು. ಸಾಹೇಬರು ಘೋಷಣೆ ಮಾಡಿ, "ಹೇಳಿ ಅಕ್ಕ, ಸಂಗೀತದ ಗೀಳು ನಿಮಗೆ ಹತ್ತಿದ್ದು ಹೇಗೆ?" ಅಂದರು. ಶುರುವಿನಲ್ಲಿ ಅವಳು ಕೊಂಚ ತಡವರಿಸಿದಳು, ಆಮೇಲೆ ಹಳಿ ಸಿಕ್ಕಿತು. ಟೇಪು ಬಿಚ್ಚಿ ಸುತ್ತಿದ್ದು, ಧೂಳು ಒರೆಸುತ್ತಾ ಕೇಳಿದ್ದು, ಎಲ್ಲ ಹೇಳಿದಳು. ಸಾಹೇಬರು ಬಾಯಿ ಬಿಟ್ಟುಕೊಂಡು ಕೇಳಿದರು. ಅಜ್ಜಿಯ ಹಾಡು ಶುರುವಾಗಿ ಮೈಕು ಆರಿತು. ಅವಳು ಹೆಮ್ಮೆಯಿಂದ ಉಬ್ಬಿ ಗೋಡೆ ಗಡಿಯಾರ ನೋಡಿದಳು. ಒಂಬತ್ತು ಗಂಟೆ, ನಾಲ್ಕು ನಿಮಿಷ, ನಲವತ್ತು ಸೆಕೆಂಡು.

ಅವಳು ಲೆಕ್ಕದ ಹಾಳೆ ಎಳೆದು ನೋಡಿದಳು. ಹಾಳೆಯಲ್ಲಿ ಎಲ್ಲರ ಹೊತ್ತೂ ಇತ್ತು, ಅವಳು ಮಾತಾಡೋ ಹೊತ್ತು ಒಂದನ್ನು ಬಿಟ್ಟು! ಇಪ್ಪತ್ತೆಂಟು ವರ್ಷ ಆ ಕಟ್ಟಡದಲ್ಲಿದ್ದು ಒಂದು ದಿನವೂ ಮೈಕಿನ ಮುಂದೆ ಬಾಯಿ ಬಿಡದವಳು, ತನಗೂ ಒಂದು ಲೆಕ್ಕ ಇಡಬೇಕು ಅಂತ ಹೊಳೆಯೋದಾದರೂ ಹೇಗೆ? ಊರಿಗೆಲ್ಲ ಶಕುನ ಹೇಳೋ ಹಲ್ಲಿ ಬಚ್ಚಲಲ್ಲಿ ಬಿತ್ತು ಅಂದ ಹಾಗಾಯಿತು.

"ಸಾರ್, ನಾಲ್ಕು ನಿಮಿಷ ಮೇಲಾಗಿದೆ."

ಸಾಹೇಬರು ಹಾಳೆ ನೋಡಿದರು, ಗಡಿಯಾರ ನೋಡಿದರು, ಭುಜ ಕುಣಿಸಿದರು. "ಇನ್ನೂ ಮಧ್ಯೆ ಮಧ್ಯೆ ಮಾತಾಡ್ಬೇಕಲ್ಲ. ಹೋಗ್ಲಿ ಬಿಡಿ, ಕೊನೇದನ್ನ ತಗ್ಗಿಸಿಬಿಡೋಣ. ಪಿಟೀಲು ತಾನೇ, ಒಂದು ನಾಲ್ಕು ನಿಮಿಷ ಹೋದ್ರೂ ಸಾಕು."

"ಯಾವ್ದನ್ನ ತಗ್ಗಿಸ್ತೀರಿ?" ಅವಳ ಕಿವಿ ಬಿಸಿಯಾಯಿತು. ಮಾತು ಕೊಟ್ಟವಳು ತಾನು, ತಪ್ಪಿದವಳೂ ತಾನು, ಈಗ ತನ್ನ ಗಂಟೆಯಲ್ಲೇ ಮುದುಕನ ಕತ್ತು ಹಿಚುಕಬೇಕೇ? "ಸಾಯ್ತೀನಿ ಅಂದ್ರೂ ಆಗಲ್ಲ ಸಾರ್. ಇವತ್ತು ಯಾವ್ದೂ ಅರ್ಧಕ್ಕೆ ನಿಲ್ಲಲ್ಲ. ಅಣ್ಣ-ತಂಗೀನ ತೆಗೆದುಬಿಡಿ."

"ಅಕ್ಕಾ! ಇಡೀ ಪಟ್ಟೀಲಿ ದೊಡ್ಡ ಹೆಸರು ಅದೊಂದೇ!"

"ಅವರು ತಿಂಗಳಿಗೊಂದ್ಸಲ ಪೂರ್ತಿ ಬರ್ತಾರೆ. ಒಂದು ಭಾನುವಾರ ಸುಮ್ಮನಿದ್ರೆ ಅವರ ಮನೆ ಗಂಟೇನೂ ಹೋಗಲ್ಲ. ಹನ್ನೆರಡು ನಿಮಿಷ ಉಳೀತು, ನಾಲ್ಕು ಆಗ್ಲೇ ತಿಂದಿದೀನಿ, ಮಿಕ್ಕಿದ್ದು ಎಂಟು. ಮೇಲೆ ಹೋಗಿ, ಕಿಟಕಿ ಪಕ್ಕದ ಕಪಾಟು, ಮೂರನೇ ಅರೆ, ಎಡಗಡೆಯಿಂದ ಏಳನೇ ಡಬ್ಬ. ತಾಳವಾದ್ಯ, ಐದು ನಿಮಿಷ ಹತ್ತು ಸೆಕೆಂಡು. ನುಡಿಸಿದಾಕೇನ ಯಾರೂ ಪೂರ್ತಿ ಕೇಳಿಲ್ಲ. ಮಾತಿಗೆ ಎರಡು ನಿಮಿಷ ಐವತ್ತು ಉಳೀತದೆ, ಅಷ್ಟು ಸಾಕು ನಂಗೆ."

"ನಾನಾ? ನಾನು ಹೋಗ್ಬೇಕಾ?"

"ನಾನು ಅತಿಥಿ ಸಾರ್ ಇವತ್ತು."

ಗಾಜಿನಾಚೆ ಮೆಷಿನ್ನಿನ ಮುಂದೆ ಕೂತಿದ್ದ ಇಂಜಿನಿಯರು ನಗು ತಡೆಯಲಾರದೆ ಬೆನ್ನು ತಿರುಗಿಸಿಕೊಂಡ. ಸಂಗೀತ ಓದಿದ ಸಾಹೇಬರು ಎರಡೆರಡು ಮೆಟ್ಟಿಲು ಹಾರಿ ಹೋದರು, ಏದುಸಿರು ಬಿಡುತ್ತಾ ಡಬ್ಬ ಹಿಡಿದು ಬಂದರು. ಏಳನೆಯದೇ, ಐದು ಹತ್ತೇ. ಅವರು ಕುರ್ಚಿಗೆ ಕುಸಿದು ಅವಳನ್ನು ಹೊಸಬಳನ್ನು ನೋಡುವಂತೆ ನೋಡಿದರು. ಅವಳಿಗೆ ಆ ನೋಟ ಬಹಳ ಹಿತವಾಯಿತು, ಸುಳ್ಳು ಯಾಕೆ ಹೇಳಬೇಕು.

ಅಲ್ಲಿಂದ ಮುಂದೆ ಆ ಗಂಟೆ ಅವಳದು. ಕೊಳಲಿಗೆ ಮುಂಚೆ ಐವತ್ತು ಸೆಕೆಂಡು, ಕ್ಲಾರಿಯೊನೆಟ್ಟಿಗೆ ಮುಂಚೆ ನಲವತ್ತು, ತಾಳವಾದ್ಯಕ್ಕೆ ಮುಂಚೆ ನಲವತ್ತು. ಪ್ರತಿಯೊಂದೂ ತನ್ನ ಕೊನೆಯ ಸ್ವರದವರೆಗೆ ಹೋಗಿ, ಉಸಿರು ಬಿಟ್ಟು, ತಾನಾಗೇ ನಿಂತಿತು. ಪಿಟೀಲಿಗೆ ಮುಂಚೆ ಉಳಿದ ನಲವತ್ತರಲ್ಲಿ ಅವಳು ಅಂದಳು: "ಇದನ್ನ ನೀವೆಲ್ಲ ನೂರು ಸಲ ಕೇಳಿದೀರಿ, ಆದ್ರೆ ಬರೀ ಮೂರು ನಿಮಿಷ. ಅದು ಬಾಗಿಲು ಅಷ್ಟೇ, ಮನೆ ಒಳಗಿದೆ. ನಂಗೆ ಗೊತ್ತಿರೋ ಸಂಗೀತದಲ್ಲೆಲ್ಲ ಇದಕ್ಕಿಂತ ಮೇಲಿನದು ಇಲ್ಲ. ನುಡಿಸಿರೋರು ನಮ್ಮ ಪಿಟೀಲು ಮೇಷ್ಟ್ರು." ಒಂಬತ್ತು ನಲವತ್ತೇಳು ಇಪ್ಪತ್ತಕ್ಕೆ ಕಮಾನು ತಂತಿ ಮುಟ್ಟಿತು.

ಮೂರು ನಿಮಿಷ ದಾಟಿತು. ಇಂಜಿನಿಯರಿನ ಕೈ ವಾಡಿಕೆಯಿಂದ ತಾನಾಗೇ ಗುಂಡಿಯ ಕಡೆ ಹೋಗಿ ಹಿಂದೆ ಸರಿಯಿತು. ಏಳು ದಾಟಿತು, ಎಂಟು ದಾಟಿತು. ಸಾಹೇಬರು ಕಣ್ಣು ಮುಚ್ಚಿದ್ದರು. ಕೊನೆಯ ಸ್ವರ ಆರಿದಾಗ ವಾರ್ತೆಗೆ ಸರಿಯಾಗಿ ಒಂದು ನಿಮಿಷ ಬಾಕಿ. ಸಾಹೇಬರು ಆ ನಿಮಿಷದಲ್ಲಿ ಕೇಳುಗರಿಗೆ, "ಈ ಕುರ್ಚಿ ಮೇಲೆ ಇಷ್ಟು ದಿನ ಕೂತವರಲ್ಲಿ ಇಷ್ಟು ಕೇಳಿದವರು ಯಾರೂ ಇರ್ಲಿಲ್ಲ," ಅಂದರು. ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಹತ್ತು ಹೊಡೆಯಿತು.

ಹೊರಗೆ ಬರುತ್ತಿದ್ದಂತೆ ಡ್ಯೂಟಿ ರೂಮಿನ ಫೋನು ಅವಳಿಗೇ ಬಂತು. ಮೇಷ್ಟ್ರು.

"ಎಂಥ ಕೆಲ್ಸ ಮಾಡ್ದೆ ಮಾರಾಯ್ತಿ," ಅಂದರು. "ಎಂಟನೇ ನಿಮಿಷದಲ್ಲಿ ನನ್ನ ಬೆರಳು ಜಾರಿತ್ತು. ಅಪಸ್ವರ. ಮತ್ತೆ ನುಡಿಸ್ತೀನಿ ಅಂದ್ರೆ ಅವತ್ತು ಸ್ಟುಡಿಯೋ ಖಾಲಿ ಇರ್ಲಿಲ್ಲ. ಪೂರ್ತಿ ಕೇಳ್ಸು ಅಂತ ನಿನ್ನ ಹತ್ರ ಅಂದ್ಬಿಟ್ಟು, ಆಮೇಲೆ ಇಷ್ಟು ವರ್ಷ ಅದನ್ನೇ ನೆನೆಸ್ಕೊಂಡು ಹೆದರಿದೀನಿ. ಈಗ ಊರಿಗೆಲ್ಲ ಗೊತ್ತಾಗಿರುತ್ತೆ."

"ನಂಗೆ ಇಪ್ಪತ್ತೆಂಟು ವರ್ಷದಿಂದ ಗೊತ್ತು ಮೇಷ್ಟ್ರೇ. ನೀವು ಅದನ್ನ ಮುಚ್ಚಲಿಲ್ಲ. ತಿರುಗಿ ಅದೇ ಜಾಗಕ್ಕೆ ಮೂರು ಸಲ ಬಂದ್ರಿ, ಮೂರನೇ ಸಲಕ್ಕೆ ಅದು ಅಪಸ್ವರ ಆಗಿ ಉಳೀಲೇ ಇಲ್ಲ. ಸಾವಿರದ ಇನ್ನೂರು ಡಬ್ಬದಲ್ಲಿ ಅಂಥ ಜಾಗ ಇನ್ನೊಂದಿಲ್ಲ. ನಾನು ಆರಿಸಿದ್ದೇ ಅದನ್ನ."