ಕಾಕುವಿನ ಬುಟ್ಟಿ ಮತ್ತು ನನ್ನ ಸಹಿ

ಡೊಂಬಿವಲಿಯ ನಮ್ಮ ಹಳೆಯ ಬಿಲ್ಡಿಂಗ್‌ಗೆ ನಾಲ್ಕು ಮಹಡಿ, ಹದಿನಾರು ಮನೆ. ಲಿಫ್ಟ್ ಇರಲಿಲ್ಲ. ಅದನ್ನು ಕೆಡವಿ ಇಪ್ಪತ್ತೆರಡು ಮಹಡಿಯ ಟವರ್ ಕಟ್ಟುವ ಮಾತು ಬಂದಾಗ ಹದಿನೈದು ಮನೆಯವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು. ಉಳಿದವಳು ನಾನು. ಮನೆ ನನ್ನ ಹೆಸರಿನಲ್ಲಿತ್ತು. ಎಲ್ಲರ ಸಹಿಯಾಗದೆ ಮುಂದುವರಿಯುವುದು ಬೇಡವೆಂದು ಸೊಸೈಟಿಯವರು ತಾವೇ ತೀರ್ಮಾನಿಸಿದ್ದರಿಂದ ಇಡೀ ಬಿಲ್ಡಿಂಗ್ ನನ್ನ ಮುಖ ನೋಡುತ್ತಿತ್ತು.

ನಾನು ಸುಮ್ಮನೆ ಹಟ ಹಿಡಿದಿರಲಿಲ್ಲ, ಸಾಕಷ್ಟು ಕಾರಣ ಹೇಳಿಕೊಂಡೇ ಹಿಡಿದಿದ್ದೆ. ಹದಿನಾರು ಮನೆಗೇ ಸಾಲದ ನೀರು ಟವರಿನ ಅಷ್ಟೊಂದು ಮನೆಗೆ ಎಲ್ಲಿಂದ ಬರಬೇಕು? ಸ್ಟೇಷನ್ನಿಗೆ ಹೋಗುವ ರಸ್ತೆಯಲ್ಲಿ ಈಗಲೇ ಕಾಲಿಡಲು ಜಾಗವಿಲ್ಲ. ಘಣಸೋಲಿಯಲ್ಲಿ ನನ್ನ ತಂಗಿ ಹದಿನಾರನೇ ಮಹಡಿಯಲ್ಲಿದ್ದಾಳೆ. ಎದುರು ಬಾಗಿಲಿನವರು ಮದುವೆಯಾದವರೋ ಅಲ್ಲವೋ ಎಂಬುದು ಐದು ವರ್ಷವಾದರೂ ಅವಳಿಗೆ ಗೊತ್ತಿಲ್ಲ. ಇದೆಂಥ ಬಾಳು ಎಂದು ಮೀಟಿಂಗಿನಲ್ಲಿ ಕೇಳಿದೆ. ಮನೆಯಲ್ಲಿ ಗಂಡ ತುಳುವಿನಲ್ಲಿ ಬೈದರು. ಮಗಳು ಎಂದಿನಂತೆ ಹಿಂದಿಯಲ್ಲೇ "ಮಮ್ಮಿ, ಸೈನ್ ಕರ್ ದೋ ನಾ" ಎಂದು ತಲೆ ತಿಂದಳು. ನಾನು ಜಗ್ಗಲಿಲ್ಲ.

ಉಡುಪಿಯಿಂದ ನಾವು ಇಲ್ಲಿಗೆ ಬಂದ ಹೊಸತರಲ್ಲಿ ಪಕ್ಕದ ಹೆಂಚಿನ ಮನೆಯ ಮುದುಕಿಯೊಬ್ಬಳು ನಮ್ಮ ನಾಲ್ಕು ಮಹಡಿಯನ್ನು ನೋಡಿ, ಇಷ್ಟು ಜನ ಬಂದರೆ ಬಾವಿ ಬತ್ತದೇ ಇರುತ್ತದೆಯೇ ಎಂದು ಮರಾಠಿಯಲ್ಲಿ ಗೊಣಗುತ್ತಿದ್ದಳು. ಆಗ ಆ ಜನ ನಾವೇ. ಅದನ್ನು ನಾನು ಅನುಕೂಲವಾಗಿ ಮರೆತಿದ್ದೆ.

ಆದರೆ ಮೀಟಿಂಗಿನಲ್ಲಿ ಹೇಳದ ಕಾರಣವೊಂದಿತ್ತು. ಅದು ಕಾಕುವಿನ ಬುಟ್ಟಿ.

ಕಾಕು ನಾಲ್ಕನೇ ಮಹಡಿಯವರು, ಧಾರವಾಡದ ಕಡೆಯವರು. ಅವರ ಕಡೆ ಕಾಕು ಎಂದರೆ ಚಿಕ್ಕಮ್ಮ, ನಾವೆಲ್ಲ ಹಾಗೇ ಕರೆಯುತ್ತಿದ್ದೆವು. ನಮ್ಮದು ಮೊದಲನೇ ಮಹಡಿ, ಸರಿಯಾಗಿ ಅವರ ಕಿಟಕಿಯ ಕೆಳಗೆ. ಮೊಣಕಾಲು ಕೈಕೊಟ್ಟ ಮೇಲೆ ಅವರು ನೈಲಾನ್ ಹಗ್ಗಕ್ಕೆ ಪ್ಲಾಸ್ಟಿಕ್ ಬುಟ್ಟಿ ಕಟ್ಟಿ ಇಳಿಬಿಡುತ್ತಿದ್ದರು. ಕೆಳಗೆ ತರಕಾರಿಯವನು ಕೊತ್ತಂಬರಿ, ಬದನೆಕಾಯಿ ಹಾಕುತ್ತಿದ್ದ. ಬುಟ್ಟಿ ಮೇಲೆ ಹೋಗುವಾಗ ನಾನು ಅಡುಗೆಮನೆಯ ಕಿಟಕಿಯಿಂದ ಕೈಚಾಚಿ ಹಗ್ಗ ಹಿಡಿದು, ಒಂದು ಡಬ್ಬ ನೀರುದೋಸೆ ಇಡುತ್ತಿದ್ದೆ. ಮರುದಿನ ಡಬ್ಬ ವಾಪಸು ಇಳಿಯುತ್ತಿತ್ತು, ಒಳಗೆ ಶೇಂಗಾ ಚಟ್ನಿಪುಡಿಯೋ ಗುರೆಳ್ಳು ಪುಡಿಯೋ ಇರುತ್ತಿತ್ತು. ಡಬ್ಬವನ್ನು ಬರಿದಾಗಿ ಕಳಿಸಬಾರದು ಎಂಬುದು ಅವರ ಊರಲ್ಲೂ ಇತ್ತು, ನಮ್ಮ ಊರಲ್ಲೂ ಇತ್ತು. ಹೀಗೆ ವರ್ಷಗಟ್ಟಲೆ ನಡೆಯಿತು. ಟವರ್ ಬಂದರೆ ಇದೆಲ್ಲ ಮುಗಿಯಿತಲ್ಲ ಎಂದು ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತಿತ್ತು. ಕಾಕು ಸಹಿ ಹಾಕಿದ್ದರು. ಮಗ ಒತ್ತಾಯ ಮಾಡಿ ಹಾಕಿಸಿರಬೇಕು, ಪಾಪ, ಎಂದು ನಾನೇ ತೀರ್ಮಾನಿಸಿದ್ದೆ. ಅವರ ಪರವಾಗಿಯೂ ನಾನೇ ಹೋರಾಡುತ್ತಿದ್ದೇನೆ ಎಂಬ ಹೆಮ್ಮೆ ಬೇರೆ!

ಹೀಗೆ ಒಂದು ವರ್ಷ ಕಳೆಯಿತು. ಆಮೇಲೊಮ್ಮೆ ಮೂರು ದಿನ ಬುಟ್ಟಿ ಇಳಿಯಲಿಲ್ಲ. ನಾಲ್ಕನೇ ದಿನ ಡಬ್ಬ ಹಿಡಿದು ನಾನೇ ಹತ್ತಿದೆ. ನಿಜ ಹೇಳಬೇಕೆಂದರೆ, ಬುಟ್ಟಿ ಇದೆಯಲ್ಲ ಎಂದು ನಾನು ಅವರ ಮನೆಗೆ ಹೋಗುವುದನ್ನೇ ಬಿಟ್ಟಿದ್ದೆ. ಮೂರನೇ ಮಹಡಿಗೇ ಏದುಸಿರು ಬಂತು.

ಕಾಕು ಮಂಚದ ಮೇಲೆ ಕೂತಿದ್ದರು. ಬಲಗೈ ಮಣಿಕಟ್ಟಿಗೆ ಬಟ್ಟೆ ಸುತ್ತಿತ್ತು.

"ಹಗ್ಗ ಎಳದ ಎಳದ ಕೈ ಉಳಕೈತವಾ" ಎಂದರು. "ಮಗ ಥಾಣೆದಾಗಿನ ಆಫೀಸಿಂದ ಬರೂ ಮುಂದ ಕಾಯಿಪಲ್ಯೆ ತರತಾನ. ನೀ ಯಾಕ ಇಷ್ಟ ಹತ್ತಿ ಬಂದಿ?"

"ಬುಟ್ಟಿ ಕಾಣ್ಲಿಲ್ಲ ಕಾಕೂ, ಹೆದರಿಕೆ ಆಯ್ತು" ಎಂದೆ. ಆಮೇಲೆ ತಡೆಯಲಾಗದೆ ಹೇಳಿಬಿಟ್ಟೆ: "ನಿಮ್ಮ ಬುಟ್ಟಿ ನಿಲ್ಬಾರ್ದು ಅಂತಲೇ ನಾನು ಸಹಿ ಹಾಕದೆ ಕೂತದ್ದು."

ಕಾಕು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕೈ ಹಿಡಿದುಕೊಂಡರು.

"ಬುಟ್ಟಿ ಇಳೀತೈತಿ ತಂಗಿ, ನಾ ಇಳಿಯಂಗಿಲ್ಲ. ಕೆಳಗ ಹೋಗಿ ಎರಡ ದೀಪಾವಳಿ ಆತು. ದಿನಾ ಬುಟ್ಟಿ ನಿಮ್ಮನಿ ಮುಂದ ಹೋಗತೈತಿ, ನಾ ಬಂದೀನೇನು? ಲಿಫ್ಟ್ ಬರತೈತಿ ಅಂದಾಗ ಎಲ್ಲಾರಕಿಂತ ಮೊದಲ ಸಹಿ ಮಾಡಿದಾಕಿ ನಾನ. ನಿನ್ನ ದೋಸಿ ಇಲ್ಲಿಗೆ ಬರೂದ್ರಾಗ ಆರಿರತೈತಿ. ಒಮ್ಮೆ ನಿಮ್ಮ ಅಡಗಿಮನ್ಯಾಗ ಕುಂತು, ಹಂಚಿನ ಮ್ಯಾಲಿಂದ ತಗೊಂಡು ತಿನ್ನಬೇಕಂತ ಭಾಳ ಆಸೆ ಐತಿ."

ನನಗೆ ನಾಚಿಕೆಯಾಯಿತು. ಮೂರು ಮಹಡಿ ಇಳಿದು ಬಂದವಳು ಚಪ್ಪಲಿಯನ್ನೂ ಬಿಡದೆ ಸೊಸೈಟಿಯ ಸೆಕ್ರೆಟರಿಯ ಮನೆಗೆ ಹೋಗಿ ಸಹಿ ಹಾಕಿದೆ. ಅವರು ಗಾಬರಿಯಿಂದ ಕುಡಿಯಲು ನೀರು ಕೊಟ್ಟರು.

ಟವರ್ ಏಳುವವರೆಗೆ ನಾವು ಕಲ್ಯಾಣದಲ್ಲಿ ಬಾಡಿಗೆಗಿದ್ದೆವು, ಕಾಕು ಮಗನ ಜೊತೆ ಸಾನಪಾಡಾದಲ್ಲಿ. ಹೇಳಿದ್ದಕ್ಕಿಂತ ಹೆಚ್ಚು ವರ್ಷ ಹಿಡಿಯಿತು. ನಾನು ಹಟ ಮಾಡಿ ಕಳೆದ ಆ ಒಂದು ವರ್ಷ ಕಾಕುವಿನ ಆಯುಷ್ಯದ ಲೆಕ್ಕದಲ್ಲಿ ಕಡಿಮೆಯಾಗದಿರಲಿ ಎಂದು ದೇವರಿಗೆ ಕೈಮುಗಿಯುತ್ತಿದ್ದೆ.

ಈಗ ಟವರಿನಲ್ಲಿ ನಾವು ಒಂಬತ್ತನೇ ಮಹಡಿ, ಕಾಕು ಹದಿನೇಳನೇ ಮಹಡಿ. ನೀರಿನ ಬಗ್ಗೆ ನಾನು ಹೇಳಿದ್ದು ಸುಳ್ಳಾಗಿಲ್ಲ, ಟ್ಯಾಂಕರ್ ಬರುತ್ತದೆ. ಲಿಫ್ಟಿನಲ್ಲಿ ಅರ್ಧ ಮುಖಗಳು ಗೊತ್ತಿಲ್ಲ. ಗೊಣಗುವುದನ್ನು ನಾನೂ ಬಿಟ್ಟಿಲ್ಲ.

ಹೊಸ ಮನೆಗೆ ಬಂದ ಮೂರನೇ ಬೆಳಿಗ್ಗೆ ಬೆಲ್ ಆಯಿತು. ಬಾಗಿಲು ತೆರೆದರೆ ಕಾಕು, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ನನ್ನ ಹಳೆಯ ಡಬ್ಬ. ಒಳಗೆ ಶೇಂಗಾ ಚಟ್ನಿಪುಡಿ. ಅಷ್ಟು ವರ್ಷ ಆ ಡಬ್ಬವನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು. ಒಲೆಯ ಪಕ್ಕ ಕುರ್ಚಿ ಹಾಕಿ ಕೂರಿಸಿದೆ. ಮೊದಲ ದೋಸೆಯನ್ನು ತಟ್ಟೆಗೆ ಹಾಕುವಷ್ಟೂ ತಡೆಯದೆ ಕೈ ಚಾಚಿದರು.

"ಬಾಯಿ ಸುಟ್ಟತು ನೋಡವಾ" ಎಂದರು, ಮತ್ತೊಂದಕ್ಕೆ ಕೈ ಚಾಚುತ್ತಾ.