ಅಬ್ಬಾ ಕೇಳಿದ ಸಮಾನ ಧರ್ಮ

ಹಾವೇರಿಯ ಈ ಬಾಡಿಗೆ ಮನೆಯ ಬಚ್ಚಲ ನಳ ಎಷ್ಟು ತಿರುವಿದರೂ ಪೂರ್ತಿ ನಿಲ್ಲುವುದಿಲ್ಲ. ಕೆಳಗಿಟ್ಟ ಕೊಡದಲ್ಲಿ ಹನಿ ಬೀಳುವ ಸಪ್ಪಳ ಕೇಳಿದಾಗೆಲ್ಲ ಬ್ಯಾಡಗಿಯ ನಮ್ಮ ಮಣ್ಣಿನ ಮಾಳಿಗೆ ಮನೆ ನೆನಪಾಗುತ್ತದೆ, ಅದರ ಹಿಂದೆಯೇ ಸಿಟ್ಟೂ ಬರುತ್ತದೆ. ಮಳೆ ಹಿಡಿಯಿತೆಂದರೆ ಪಾತೇಲಿ, ಬಕೀಟು, ಚರಿಗೆಗಳೆಲ್ಲ ನಡುಮನೆಯಲ್ಲಿ ಸೋರುವ ಜಾಗ ಹುಡುಕಿ ಕೂತುಬಿಡುತ್ತಿದ್ದವು. ಒದ್ದೆ ಮಣ್ಣಿನ ವಾಸನೆಗೆ ಅಟ್ಟದ ಮೇಲಿನ ಮೆಣಸಿನಕಾಯಿಯ ಘಾಟು ಕೂಡಿ ಮೂಗು ಚುರುಗುಟ್ಟುತ್ತಿತ್ತು. "ಮಾಳಿಗಿ ಜರಡಿ ಹಂಗ ಸೋರಾಕತ್ತೈತ್ರಿ" ಎಂದು ಅಮ್ಮಿ ಕೂಗಿದರೆ ಅಬ್ಬಾ ಪುಸ್ತಕದಿಂದ ತಲೆಯೆತ್ತಿ, ಮಾಳಿಗಿ ಉಪಮೇಯ, ಜರಡಿ ಉಪಮಾನ, 'ಹಂಗ' ಅನ್ನೋದು ವಾಚಕ, ಸೋರೋದು ಸಮಾನ ಧರ್ಮ ಎಂದು ಒಂದೊಂದೇ ಬೆರಳು ಮಡಚುತ್ತಿದ್ದರು. ನಾಲ್ಕೂ ಕೂಡಿದ್ದರಿಂದ ಅದು ಪೂರ್ಣೋಪಮೆ. ಅಲ್ಲಿಗೆ ಅವರ ಪಾಲಿನ ಕೆಲಸ ಮುಗಿಯಿತು. ಮಾಳಿಗೆಗೆ ಮಣ್ಣು ಹಾಕಿಸಲು ಆಳು ಹುಡುಕುತ್ತ ಹೋಗುವವಳು ಮತ್ತೆ ಅಮ್ಮಿಯೇ.

ಅಬ್ಬಾ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರರು. ಸಾಲಿಯಲ್ಲಿ ಅಲಂಕಾರ ಕಲಿಸಿದರೆ ಯಾರು ಬೇಡವೆನ್ನುತ್ತಿದ್ದರು? ಮನೆಗೂ ಅದನ್ನೇ ತರುತ್ತಿದ್ದರು. ಹಸಿವಿನಿಂದ ಜೀವ ಹೋಗುತ್ತಿದೆ ಎಂದು ನಾನು ಅತ್ತರೆ ಅತಿಶಯೋಕ್ತಿ. ಅಮ್ಮಿ ಬೇಸತ್ತು ಉರ್ದುವಿಗೆ ತಿರುಗಿ ಬೈದರೂ ಬಿಡುಗಡೆಯಿರಲಿಲ್ಲ, ಅಲಂಕಾರಕ್ಕೆ ಭಾಷೆಯ ಹಂಗಿಲ್ಲವೆಂದು ಅದನ್ನೂ ಬಿಡಿಸಿ ಹೇಳುತ್ತಿದ್ದರು. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದಿದ್ದರೆ ನಿಮಗೆ ಗೊತ್ತಿರುತ್ತದೆ, ಮಾತು ಬಾಯಿಗೆ ಬರುವ ಮೊದಲೇ ಮನುಷ್ಯನಿಗೆ ದಣಿವಾಗುತ್ತದೆ.

ನನ್ನ ಅಕ್ಕ ಆಪಾಳನ್ನು ನೋಡಲು ರಾಣೆಬೆನ್ನೂರಿನವರು ಬಂದ ದಿನ ಈ ಚಾಳಿ ನಮ್ಮನ್ನು ನಡುನೀರಿನಲ್ಲಿ ಕೈಬಿಟ್ಟಿತು. ಹುಡುಗ ಬೀಜದ ಅಂಗಡಿ ಇಟ್ಟಿದ್ದ, ಮಾತು ಕಡಿಮೆ. ಪರದೆಯ ಸಂದಿಯಿಂದ ಅವನನ್ನು ನೋಡಿ ಬಂದ ಆಪಾ, ಕೇಳದಿದ್ದರೂ ನನ್ನ ಕೈ ಹಿಸುಕಿದ್ದಳು. ಬೆಳಗಿನಿಂದ ಅಮ್ಮಿ ಅಬ್ಬಾಗೆ ಒಂದೇ ಮಾತು ಹೇಳಿ ಹೇಳಿ ಸಾಕಾಗಿದ್ದಳು: ಇವತ್ತು ಒಂದು ದಿನ ಸುಮ್ಮನಿರಿ. ಅಬ್ಬಾ ಒಪ್ಪಿಕೊಂಡಿದ್ದರು. ಚಹಾ ಬಂತು, ಮಾತು ಕುದುರಿತು. ಹುಡುಗನ ದೊಡ್ಡಪ್ಪ, ದೊಡ್ಡ ರುಮಾಲಿನ ಗಟ್ಟಿ ದನಿಯ ಮನುಷ್ಯ, ಹುಡುಗನ ಬೆನ್ನು ತಟ್ಟಿ, "ನಮ್ಮ ಹುಡುಗ ಅಪ್ಪಟ ಬಂಗಾರ್ರಿ, ಮಾಸ್ತರ" ಅಂದರು. ಅಬ್ಬಾನ ಮುಖ ಅರಳಿದ್ದು ಕಂಡು ಅಮ್ಮಿ ಒಳಗಿನಿಂದಲೇ ಕಣ್ಣು ಮುಚ್ಚಿಕೊಂಡಳು.

"ರೂಪಕ ಛಲೋ ಆತ್ರಿ," ಅಂದರು ಅಬ್ಬಾ. "ಆದ್ರ ಹುಡುಗನ ಧರ್ಮ ಯಾವ್ದು ಅಂತ ಹೇಳಲಿಲ್ಲಲ್ರಿ ನೀವು?"

ಅವರು ಕೇಳಿದ್ದು ಬಂಗಾರಕ್ಕೂ ಹುಡುಗನಿಗೂ ಸಮಾನವಾದ ಗುಣ ಯಾವುದೆಂದು. ದೊಡ್ಡಪ್ಪನ ಕಿವಿಗೆ ಬಿದ್ದದ್ದು ಬೇರೆ. ಅವರು ಬಸಿಯನ್ನು ಮೆಲ್ಲಗೆ ಕೆಳಗಿಟ್ಟರು. ಐದು ಹೊತ್ತಿನ ನಮಾಜು ತಪ್ಪಿಸದ ಮನೆತನದ ಎದುರಿಗೆ ಕೂತು ಧರ್ಮ ಯಾವುದೆಂದು ಕೇಳುತ್ತೀರಲ್ಲ ಎಂದರು. ಅಲ್ಲಿಯೇ ತಪ್ಪಾಯಿತು ಅಂದಿದ್ದರೆ ಮುಗಿಯುತ್ತಿತ್ತು. ಅಬ್ಬಾ ಅಲಂಕಾರಶಾಸ್ತ್ರದಲ್ಲಿ ಧರ್ಮವೆಂದರೆ ಏನೆಂದು ಬುಡದಿಂದ ವಿವರಿಸಲು ಶುರುಮಾಡಿದರು. ವಿವರಣೆ ಮುಗಿಯುವ ಹೊತ್ತಿಗೆ ಬಂದವರು ಓಣಿಯ ತುದಿ ದಾಟಿದ್ದರು.

ಆಪಾ ಒಲೆಯ ಮುಂದೆ ಕೂತು ಅತ್ತಳು, ಹೊಗೆಯೆಂದಳು. ಒಲೆ ಹೊತ್ತಿಸಿಯೇ ಇರಲಿಲ್ಲ. ಅಮ್ಮಿ ಕಪ್ಪು-ಬಸಿಗಳನ್ನು ಎತ್ತುತ್ತ, ದನಿ ಏರಿಸದೆ ಅಂದಳು: "ನಿಮ್ಮ ಅಲಂಕಾರದ ಸಂಬಂಧ ನನ್ನ ಮಗಳ ಮೈಮ್ಯಾಲ ಅಲಂಕಾರ ಇಲ್ಲದಂಗಾತು."

ಒಂದೇ ಮಾತು ಎರಡು ಸಲ, ಎರಡು ಅರ್ಥ: ಯಮಕ. ನನಗೇ ಹೊಳೆದಿತ್ತು. ಅಬ್ಬಾಗೆ ಹೊಳೆಯದೆ ಇದ್ದೀತೇ? ಅವರ ತುಟಿ ಅಲುಗಿತು. ಅವರು ಆ ಮಾತನ್ನು ನುಂಗಿಕೊಂಡು, ಗೂಟದ ಮೇಲಿನ ಟೋಪಿ ತೆಗೆದುಕೊಂಡು ಹೊರಗೆ ನಡೆದರು.

ಮರುದಿನ ಬೆಳಿಗ್ಗೆ ಬಸ್ಸು ಹಿಡಿದು ರಾಣೆಬೆನ್ನೂರಿಗೆ ಹೋದದ್ದನ್ನು ಅವರು ನಮಗೆ ಹೇಳಿರಲಿಲ್ಲ. ಮುಂದೆ ನಮ್ಮ ಭಾವನಾದ ಆ ಹುಡುಗನೇ ಹೇಳಿದ. ಒಳಗೆ ಬರ್ರಿ ಅಂದರೂ ಬಾರದೆ ಬಾಗಿಲಲ್ಲಿಯೇ ನಿಂತು, "ನಂದು ತಪ್ಪಾತ್ರಿ. ಮಗಳದ್ದೇನೂ ತಪ್ಪಿಲ್ಲ. ನಿಮ್ಮ ಮನಿಗೆ ಆಕಿನ್ನ ಕೊಡಬೇಕಂತ ನನಗ ಭಾಳ ಆಸೆ ಐತಿ" ಅಂದರಂತೆ. ಹೋಲಿಕೆಯಿಲ್ಲ, ಬಣ್ಣವಿಲ್ಲ. ಅಷ್ಟು ಬರಿಯ ಮಾತು ಆಡಿದ್ದನ್ನು ನಾವು ಯಾರೂ ಕೇಳಿರಲಿಲ್ಲ. ದೊಡ್ಡಪ್ಪ ಕೈಹಿಡಿದು ಒಳಗೆ ಕರೆದೊಯ್ದರು. ಮದುವೆ ಆಯಿತು. ಮದುವೆಯೂಟದಲ್ಲಿ ಬಿರ್ಯಾನಿ ಮಲ್ಲಿಗೆಯಂತಿದೆ ಎಂದ ಪಾಪದ ನೆಂಟನೊಬ್ಬ ಅಬ್ಬಾನ ಕೈಗೆ ಸಿಕ್ಕಿಬಿದ್ದು, ಅನ್ನ ಆರುವವರೆಗೆ ಕೇಳಿಸಿಕೊಂಡ. ಅಮ್ಮಿ ಹಣೆ ಚಚ್ಚಿಕೊಂಡಳು.

ಅಬ್ಬಾ ಈಗಿಲ್ಲ. ಬ್ಯಾಡಗಿಯ ಮನೆ ಕೊಂಡವರು ಅದನ್ನು ಕೆಡವಿ ಮೆಣಸಿನಕಾಯಿ ಗೋದಾಮು ಕಟ್ಟಿದ್ದಾರೆ. ಅಮ್ಮಿ ನನ್ನ ಜೊತೆ ಇದ್ದಾಳೆ. ಮೊನ್ನೆ ಸಂಜೆ ಆಪಾ ಮೊಬೈಲಿನಲ್ಲಿ ಮಗಳ ಮುಖ ತೋರಿಸಿದಳು. "ಬಿದಿರಿನ ಹಂಗ ಬೆಳದಾಳ ನೋಡ" ಎಂದ ಅಮ್ಮಿ ಅಲ್ಲಿಗೇ ನಿಂತಳು. ಯಾರೋ ನಡುವೆ ಬಾಯಿ ಹಾಕುವವರಿದ್ದಾರೆ ಎಂಬಂತೆ ಅಮ್ಮಿ ಬಾಗಿಲ ಕಡೆಗೆ ಒಂದಿಷ್ಟು ಮುಖ ತಿರುಗಿಸಿ ಕಾದಳು. ಅಬ್ಬಾ ಇದ್ದರೆ ಹೇಳುತ್ತಿದ್ದದ್ದು ನನ್ನ ಬಾಯಿಯವರೆಗೆ ಬಂದಿತ್ತು. ಅದು ನಾನು ಹೇಳುವ ಮಾತಾಗಿರಲಿಲ್ಲ. ತುಸು ಹೊತ್ತಿಗೆ ಅಮ್ಮಿ ಮೊಮ್ಮಗಳಿಗೆ ಊಟ ಆಯಿತೇ ಎಂದು ಕೇಳಿದಳು.