ಹಣೆಯ ಮೇಲೆ ಸೊನ್ನೆ ಬರೆದವರು

ಅವರ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಸೀಮೆಸುಣ್ಣ ಸದಾ ಕೂತಿರುತ್ತಿತ್ತು. ತೊಳೆದರೂ ಹೋಗದಂಥ ಹಳೆಯ ಬಿಳಿ. ಆ ಕೈ ನನ್ನ ಮುಖದ ಹತ್ತಿರ ಬರುವಾಗ ನಾನು ನೋಡುತ್ತಿದ್ದುದು ಆ ಉಗುರನ್ನೇ. ಲೆಕ್ಕ ತಪ್ಪಿದವರ ಹಣೆಯ ಮೇಲೆ ಅವರು ಸೀಮೆಸುಣ್ಣದಲ್ಲಿ ಸೊನ್ನೆ ಬರೆಯುತ್ತಿದ್ದರು. ಅವಸರವಿಲ್ಲದೆ, ಬೋರ್ಡಿನ ಮೇಲೆ ವೃತ್ತ ಬರೆಯುವಷ್ಟೇ ಅಚ್ಚುಕಟ್ಟಾಗಿ. ಮನೆಗೆ ಬಿಡುವ ಗಂಟೆ ಹೊಡೆಯುವವರೆಗೂ ಅದನ್ನು ಒರೆಸಿಕೊಳ್ಳುವಂತಿರಲಿಲ್ಲ. ಬಿಸಿಯೂಟಕ್ಕೆ ಕೂತಾಗಲೂ ಇರಬೇಕು, ಆಟದ ಪೀರಿಯಡ್ಡಿನಲ್ಲೂ ಇರಬೇಕು. ಬೆವರಿಗೆ ಅಳಿಸಿಹೋದರೆ ಕರೆದು ಮತ್ತೆ ಬರೆಯುತ್ತಿದ್ದರು.

ಕೆ.ಆರ್.ಪೇಟೆ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಅವರು ನಮಗೆ ಲೆಕ್ಕದ ಮೇಷ್ಟ್ರು. ಸುತ್ತಲ ಊರುಗಳಲ್ಲಿ ಅವರಿಗಿದ್ದ ಮರ್ಯಾದೆ ಬೇರೆ ಯಾರಿಗೂ ಇರಲಿಲ್ಲ. ಬಸ್ಸು ಹತ್ತಿದರೆ ಜನ ಎದ್ದು ಸೀಟು ಕೊಡುತ್ತಿದ್ದರು. ಸುಳ್ಳು ಹೇಳುವುದಿಲ್ಲ, ಲೆಕ್ಕ ಅವರಿಗೆ ನಿಜಕ್ಕೂ ಗೊತ್ತಿತ್ತು. ಪುಸ್ತಕ ಹಿಡಿಯದೆ ಪ್ರಮೇಯಗಳನ್ನು ಮೊದಲಿನಿಂದ ಕೊನೆಯವರೆಗೆ ಸಾಧಿಸುತ್ತಿದ್ದರು. ರಜೆ ಹಾಕಿದ್ದನ್ನು ಕಂಡವರಿಲ್ಲ. ಆದರೆ ಅವರ ಪಾಠ ಮುಂದಿನ ಎರಡು ಬೆಂಚಿಗೆ ಮುಗಿಯುತ್ತಿತ್ತು. ಹಿಂದೆ ಕೂತ ನಮ್ಮ ಕಡೆ ಅವರು ತಿರುಗುತ್ತಿದ್ದುದು ಸೀಮೆಸುಣ್ಣ ಹಿಡಿದಾಗ ಮಾತ್ರ.

ನನ್ನನ್ನು ಅವರು ಹೆಸರು ಹಿಡಿದು ಕರೆದ ನೆನಪಿಲ್ಲ. ಅಪ್ಪ ಡೈರಿಗೆ ಹಾಲು ಹಾಕುತ್ತಿದ್ದ, ಹಾಗಾಗಿ ನಾನು 'ಹಾಲಿನೋನ ಮಗಳು'. ಭಿನ್ನರಾಶಿ ಬಂತೆಂದರೆ ನಾನು ಮುಂದಿನವಳ ಬೆನ್ನ ಹಿಂದೆ ಬಗ್ಗಿ ಕೂರುತ್ತಿದ್ದೆ. ಬೋರ್ಡಿನ ಮುಂದೆ ನಿಲ್ಲಿಸಿ ಅವರು ಸುಮ್ಮನೆ ಕಾಯುತ್ತಿದ್ದರು. ನಾನು ತಪ್ಪು ಬರೆದ ಮೇಲೆ ತರಗತಿಯ ಕಡೆ ತಿರುಗಿ ಮೆಲ್ಲಗೆ ಹೇಳುತ್ತಿದ್ದರು.

"ಲೆಕ್ಕ ಅನ್ನೋದು ಎಲ್ಲಾರ ತಲೆಗೂ ಅಲ್ಲ ಕಣ್ರಮ್ಮ. ಕೆಲವ್ರ ತಲೆ ಇರೋದು ಜಡೆ ಆಕ್ಕಳಕ್ಕೆ."

ಮುಂದಿನ ಬೆಂಚಿನವರು ನಗುತ್ತಿದ್ದರು. ನಗದಿದ್ದರೆ ಅವರಿಗೂ ಭಯ.

ನನ್ನ ಪಕ್ಕದಲ್ಲಿ ಮಂಜುಳ ಕೂರುತ್ತಿದ್ದಳು. ಇಬ್ಬರಿಗೂ ಒಟ್ಟೊಟ್ಟಿಗೆ ಸೊನ್ನೆ ಬೀಳುತ್ತಿತ್ತು. ಅವಳು ಕನ್ನಡ ಪದ್ಯಗಳನ್ನು ಎಷ್ಟು ಚೆನ್ನಾಗಿ ಓದುತ್ತಿದ್ದಳೆಂದರೆ ಕನ್ನಡದ ಮೇಡಂ ಪಕ್ಕದ ತರಗತಿಗೂ ಕರೆದೊಯ್ದು ಓದಿಸುತ್ತಿದ್ದರು. ಹಣೆಯ ಮೇಲೆ ಸೊನ್ನೆ ಇದ್ದ ದಿನ ಮಾತ್ರ ಅವಳು ಓದಲು ಏಳುತ್ತಿರಲಿಲ್ಲ.

ಹತ್ತನೇ ತರಗತಿಯ ಪರೀಕ್ಷೆಗೆ ಇನ್ನು ಕೆಲವು ತಿಂಗಳಿರುವಾಗ ಮೇಷ್ಟ್ರು ಅಪ್ಪನನ್ನು ಕರೆಸಿದರು. ಆ ವರ್ಷ ಶಾಲೆಗೆ ನೂರಕ್ಕೆ ನೂರು ಫಲಿತಾಂಶ ಬರಬೇಕಿತ್ತು. ಅಪ್ಪ ಹಾಲು ಹಾಕಿ ನೇರವಾಗಿ ಬಂದಿದ್ದ, ಖಾಲಿ ಕ್ಯಾನು ಕೈಯಲ್ಲೇ ಇತ್ತು. ಸ್ಟಾಫ್ ರೂಮಿನಲ್ಲಿ ಕುರ್ಚಿಗಳಿದ್ದವು. ಕೂತ್ಕೋ ಅನ್ನಲಿಲ್ಲ.

"ಇವ್ಳು ಬರುದ್ರೆ ಫೇಲಾಯ್ತಾಳೆ ಕಣಪ್ಪ. ಫೇಲ್ ಅಂತ ಅನ್ನುಸ್ಕಳೋದ್ಕಿಂತ ಈ ವರ್ಸ ಮನೇಲಿರ್ಲಿ. ಅಟೆಂಡೆನ್ಸ್ ಸಾಲ್ದು ಅಂತ ಮಾಡ್ಬುಡ್ತೀನಿ. ಮುಂದ್ಕೆ ಬೇಕಾದ್ರೆ ಪ್ರೈವೇಟಾಗಿ ಕಟ್ಲಿ" ಎಂದರು.

ನಾನು ಒಂದು ದಿನವೂ ಶಾಲೆ ತಪ್ಪಿಸಿದವಳಲ್ಲ. ಜ್ವರ ಬಂದಾಗಲೂ ಹೋಗಿದ್ದೆ. ಅಪ್ಪ ಅದನ್ನು ಹೇಳುತ್ತಾನೆ ಎಂದು ಅವನ ಮುಖವನ್ನೇ ನೋಡಿದೆ. ಅವನು ಕ್ಯಾನನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡ.

"ನೀವೇಳುದ್ಮೇಲೆ ಆಯ್ತು ಸಾ" ಎಂದ.

ಮಂಜುಳನ ಅಪ್ಪನೂ ಹಾಗೇ ಬಂದು, ಹಾಗೇ ಹೇಳಿ ಹೋದ. ಶಾಲೆಗೆ ನೂರಕ್ಕೆ ನೂರು ಬಂತು. ಮೇಷ್ಟ್ರಿಗೆ ಹಾರ ಹಾಕಿ ಪಂಚಾಯಿತಿ ಕಚೇರಿಯ ಮುಂದೆ ಫೋಟೋ ತೆಗೆಸಿದರು. ನಾನು ಮನೆಯಲ್ಲಿ ಹಸುಗಳಿಗೆ ಹುಲ್ಲು ಹಾಕಿಕೊಂಡಿದ್ದೆ. ಯಾಕೆ ಪರೀಕ್ಷೆಗೆ ಕೂರಲಿಲ್ಲ ಎಂದು ಕೇಳಿದವರಿಗೆಲ್ಲ ಅವ್ವ ನನಗೆ ಹುಷಾರಿರಲಿಲ್ಲ ಎಂದು ಹೇಳುತ್ತಿದ್ದಳು. ಆ ಸುಳ್ಳು ಕೇಳಿ ಕೇಳಿ ನನಗೆ ನಿಜಕ್ಕೂ ಏನೋ ಕಾಯಿಲೆ ಇದೆಯೇನೋ ಅನ್ನಿಸತೊಡಗಿತು. ಮಂಜುಳ ಮತ್ತೆ ಪುಸ್ತಕ ಮುಟ್ಟಲಿಲ್ಲ. ಅವಳನ್ನು ದೇವಲಾಪುರದ ಕಡೆಗೆ ಮದುವೆ ಮಾಡಿಕೊಟ್ಟರು.

ನನ್ನನ್ನು ಉಳಿಸಿದ್ದು ಕೆ.ಆರ್.ಪೇಟೆಯಲ್ಲಿದ್ದ ಚಿಕ್ಕಮ್ಮ. ಅಪ್ಪನ ಹತ್ತಿರ ಜಗಳವಾಡಿ ನನ್ನನ್ನು ಕರೆದುಕೊಂಡು ಹೋದಳು. ಅವಳ ಪಕ್ಕದ ಮನೆಯವರು ಲಾರಿ ರಿಪೇರಿಯವರು. ಅವರ ಮಗಳು ಶಬಾನಾ ಅಕ್ಕ ಆಗ ಬಿ.ಎಸ್ಸಿ. ಓದುತ್ತಿದ್ದಳು. ಮೊದಲ ದಿನ ಅವಳು ಹತ್ತನೇ ತರಗತಿಯ ಪುಸ್ತಕವನ್ನು ತೆರೆಯಲೇ ಇಲ್ಲ. ಎಲ್ಲಿ ಕೈ ಬಿಟ್ಟುಹೋಯಿತೋ ಅಲ್ಲಿಗೆ ಹೋಗೋಣ ಎಂದಳು. ಹಾಗೆ ಹಿಂದೆ ಹಿಂದೆ ಹೋಗಿ ಐದನೇ ತರಗತಿಯ ಭಿನ್ನರಾಶಿಯಲ್ಲಿ ನಿಂತೆವು. ಅರ್ಧಕ್ಕೆ ಮೂರನೇ ಒಂದು ಕೂಡಿಸು ಅಂದಳು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ ಐದನೇ ಎರಡು ಎಂದು ಬರೆದೆ. ಬರೆದು ಹಣೆ ತಗ್ಗಿಸಿ ಕೂತೆ.

ಅವಳು ಬೈಯಲಿಲ್ಲ. "ಅರ್ಧ ರೊಟ್ಟಿ ತಿಂದೆ ಅಂದ್ಕೋ. ಸಾಲ್ದೆ ಇನ್ನೊಂದಿಷ್ಟು ತಿಂದೆ. ಈಗ ಒಟ್ಟು ತಿಂದಿರೋದು ಅರ್ಧಕ್ಕಿಂತ ಕಮ್ಮಿ ಆಗೋಯ್ತಾ?" ಎಂದು ಕೇಳಿದಳು.

ನಾನು ಬರೆದದ್ದನ್ನು ನೋಡಿದೆ. ಐದರಲ್ಲಿ ಎರಡು, ಅರ್ಧಕ್ಕಿಂತ ಕಡಿಮೆಯೇ. ನನಗೆ ನಗು ಬಂತು. ಲೆಕ್ಕದ ಮುಂದೆ ಕೂತು ನಾನು ನಕ್ಕದ್ದು ಅದೇ ಮೊದಲು. ಇಷ್ಟು ವರ್ಷ ತಪ್ಪು ಎಂದು ಹೇಳಿದವರಿದ್ದರು, ಯಾಕೆ ತಪ್ಪು ಎಂದು ಯಾರೂ ಹೇಳಿರಲಿಲ್ಲ. ಮರುವರ್ಷ ಖಾಸಗಿಯಾಗಿ ಕಟ್ಟಿ ಪಾಸಾದೆ. ಲೆಕ್ಕದಲ್ಲಿ ಬಂದ ಅಂಕ ಬೇರೆಲ್ಲ ವಿಷಯಗಳಿಗಿಂತ ಹೆಚ್ಚಿತ್ತು. ಆಮೇಲೆ ಪಿಯುಸಿ, ಬಿ.ಎಸ್ಸಿ., ಬಿ.ಇಡಿ. ಈಗ ಪಾಂಡವಪುರದ ಹತ್ತಿರ ಒಂದು ಶಾಲೆಯಲ್ಲಿ ಲೆಕ್ಕವನ್ನೇ ಹೇಳಿಕೊಡುತ್ತೇನೆ.

ಮೇಷ್ಟ್ರು ನಿವೃತ್ತರಾದಾಗ ಹಳೆಯ ವಿದ್ಯಾರ್ಥಿಗಳು ಸೇರಿ ಸನ್ಮಾನ ಇಟ್ಟುಕೊಂಡರು. ಲೆಕ್ಕದ ಟೀಚರ್ ಆಗಿದ್ದೀಯ, ನೀನು ಬರಲೇಬೇಕು ಎಂದು ನನಗೂ ಫೋನ್ ಮಾಡಿದರು. ನನಗೆ ಇಷ್ಟವಿರಲಿಲ್ಲ. ಅಪ್ಪ ಒಗೆದ ಪಂಚೆ ಉಟ್ಟು ನನಗಿಂತ ಮೊದಲೇ ಸಿದ್ಧನಾಗಿ ಜಗಲಿಯಲ್ಲಿ ಕೂತಿದ್ದ, ಹೊರಟೆ.

ಶಾಲು, ಪೇಟ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಮೇಷ್ಟ್ರು ಮೈಕು ಹಿಡಿದು ಮಾತನಾಡಿದರು. ನನ್ನ ಕಡೆ ಕೈ ತೋರಿಸಿ, ಈ ಹೆಣ್ಣುಮಗಳ ಹಣೆಗೆ ದಿನಾ ಸೊನ್ನೆ ಬರೆಯುತ್ತಿದ್ದೆ, ಇವತ್ತು ಲೆಕ್ಕದ ಟೀಚರ್ ಆಗಿದ್ದಾಳೆ, ಅದು ಈ ಕೈಗುಣ ಎಂದರು. ಜನ ಚಪ್ಪಾಳೆ ತಟ್ಟಿದರು. ಆಮೇಲೆ ನನ್ನನ್ನೂ ಎರಡು ಮಾತು ಆಡಲು ಕರೆದರು.

ವೇದಿಕೆ ಹತ್ತುವವರೆಗೂ ನಮಸ್ಕಾರ ಹೇಳಿ ಇಳಿಯಬೇಕೆಂದೇ ಇದ್ದೆ. ಮೈಕಿನ ಮುಂದೆ ನಿಂತಾಗ ಮಂಜುಳ ನೆನಪಾದಳು.

"ನನಗೆ ಲೆಕ್ಕ ಹೇಳಿಕೊಟ್ಟವರು ಮೇಷ್ಟ್ರಲ್ಲ. ಕೆ.ಆರ್.ಪೇಟೆಯ ಶಬಾನಾ ಅಂತ ಒಬ್ಬರು. ಇವರು ನನ್ನನ್ನೂ ಮಂಜುಳನನ್ನೂ ಪರೀಕ್ಷೆ ಬರೆಯೋದಕ್ಕೇ ಬಿಡಲಿಲ್ಲ. ಆ ವರ್ಷದ ನೂರಕ್ಕೆ ನೂರರಲ್ಲಿ ನಾವಿಬ್ಬರೂ ಇಲ್ಲ" ಎಂದೆ.

ಇನ್ನೂ ಮಾತು ಇತ್ತು. ಯಾರೋ ಬಂದು ಮೈಕು ತೆಗೆದುಕೊಂಡರು. ಮುಂದಿನ ಸಾಲಿನಲ್ಲಿ ಅಪ್ಪ ತಲೆ ತಗ್ಗಿಸಿ ಕೂತಿದ್ದ.

ಊಟದ ಸಾಲಿನಲ್ಲಿ ಮೇಷ್ಟ್ರೇ ನನ್ನ ಹತ್ತಿರ ಬಂದರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, "ನೀನು ಯಾವ ಬ್ಯಾಚಮ್ಮ?" ಎಂದು ಕೇಳಿದರು. ಹೇಳಿದೆ.

"ನೆನಪಿಲ್ಲ ಕಣಮ್ಮ. ಲೆಕ್ಕದ ಟೀಚರ್ ಆಗವ್ಳೆ ಅಂತ ಇವ್ರೇಳುದ್ರು, ನಾನೇಳ್ದೆ. ಸೊನ್ನೆ ಎಲ್ಲಾರ್ಗೂ ಬರೀತಿದ್ದೆ."

"ಮಂಜುಳ?"

"ಯಾವ ಮಂಜುಳ?"

ಅವರು ನಟಿಸುತ್ತಿರಲಿಲ್ಲ. ನಟನೆಯಾಗಿದ್ದರೆ ಕಣ್ಣಿನಲ್ಲಿ ಗೊತ್ತಾಗುತ್ತಿತ್ತು. ಎಷ್ಟೋ ವರ್ಷ ನಾನು ಕನಸಿನಲ್ಲೂ ಬೆದರಿ ಏಳುವಂತೆ ಮಾಡಿದ ಮನುಷ್ಯನಿಗೆ ನಾನು ಯಾರೆಂಬುದೇ ಗೊತ್ತಿರಲಿಲ್ಲ. ಪಾಯಸ ಹಾಕಿಸಿಕೊಂಡು ಮುಂದೆ ಹೋದರು. ಅವರ ಮೇಲೆ ನನಗಿದ್ದದ್ದು ಅಲ್ಲಿಯವರೆಗೆ ಬರಿ ಸಿಟ್ಟು, ಅವತ್ತಿನಿಂದ ದ್ವೇಷ.

ಅಪ್ಪ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಬಿಟ್ಟು ಮುಂದೆ ಹೋಗಿ ಕೂತ. ಮನೆಯ ಬಾಗಿಲಲ್ಲಿ, ಗುರುಗಳಿಗೆ ಹಾಗೆ ಅನ್ನಬಾರದಿತ್ತು ಎಂದು ಹೇಳಿ ಕೊಟ್ಟಿಗೆಗೆ ಹೋದ. ಆ ವಿಷಯ ನಮ್ಮಿಬ್ಬರ ನಡುವೆ ಮತ್ತೆ ಬರಲಿಲ್ಲ. ಊರಿನವರು ಮಾತ್ರ ಸಿಕ್ಕಾಗಲೆಲ್ಲ ನನಗೆ ಬುದ್ಧಿ ಹೇಳಿದರು. ಮೇಷ್ಟ್ರು ಅವಮಾನ ಮಾಡಿದ್ದಕ್ಕೇ ತಾನೇ ನಿನಗೆ ಛಲ ಬಂದದ್ದು, ಅದಕ್ಕಾದರೂ ಋಣ ಇರಬೇಕು ಎಂದರು. ಅವಮಾನದಿಂದ ಛಲ ಬರುವುದಾದರೆ ಮಂಜುಳನಿಗೂ ಬರಬೇಕಿತ್ತು. ನನಗೆ ಒಬ್ಬಳು ಚಿಕ್ಕಮ್ಮ ಇದ್ದಳು, ಅವಳ ಪಕ್ಕದ ಮನೆಯಲ್ಲಿ ಶಬಾನಾ ಅಕ್ಕ ಇದ್ದಳು. ಮಂಜುಳನಿಗೆ ಇಬ್ಬರೂ ಇರಲಿಲ್ಲ. ನನ್ನ ಋಣ ಯಾರಿಗೆ ಎಂಬುದು ನನಗೆ ಸ್ಪಷ್ಟವಾಗಿ ಗೊತ್ತು.

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಊರಿನ ವಾಟ್ಸಾಪ್ ಗುಂಪಿನಲ್ಲಿ ದಿನವೆಲ್ಲ ಕೈಮುಗಿದ ಚಿತ್ರಗಳು. ನಾನು ಏನೂ ಹಾಕಲಿಲ್ಲ. ರಜೆಗೆ ಊರಿನಲ್ಲೇ ಇದ್ದೆ. ಅಂತಿಮ ದರ್ಶನಕ್ಕೆ ಟ್ರಾಕ್ಟರಿನಲ್ಲಿ ಜನ ಹೊರಟರು. ಅಪ್ಪ ಅಂಗಿ ತೊಟ್ಟು ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿದ. ನಾನು ತಲೆ ಅಲ್ಲಾಡಿಸಿದೆ. ಬಲವಂತ ಮಾಡದೆ ಒಬ್ಬನೇ ಟ್ರಾಕ್ಟರು ಹತ್ತಿದ.

ಹೊತ್ತು ಇಳಿಯುವಾಗ ವಾಪಸು ಬಂದ. ಹಿತ್ತಲಲ್ಲಿ ನೀರು ಹುಯ್ದುಕೊಂಡು ಬಂದು ಜಗಲಿಯ ಮೇಲೆ ಕೂತ. ನಾನು ಕಾಫಿ ತಂದು ಕೊಟ್ಟೆ. ತುಂಬಾ ಜನ ಸೇರಿದ್ದರಂತೆ, ರಸ್ತೆಯವರೆಗೂ ಸಾಲು ಇತ್ತಂತೆ, ವಯಸ್ಸಾದವರು ಕೂಡ ಬಗ್ಗಿ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡು ಬರುತ್ತಿದ್ದರಂತೆ. ಕಾಫಿ ಮುಗಿಯುವವರೆಗೂ ಅಪ್ಪ ಅದನ್ನೇ ಹೇಳಿದ. ಆಮೇಲೆ ಲೋಟ ಕೆಳಗಿಟ್ಟ.

"ನೀನು ದಿನಾಲೂ ಇಸ್ಕೂಲ್ಗೋಗ್ತಿದ್ದೆ. ಅವತ್ತು ನಾನು ಅದ್ನ ಏಳ್ಬೇಕಿತ್ತು ಕಣವ್ವ" ಎಂದ.

ನಾನು ಲೋಟ ಎತ್ತಿಕೊಂಡೆ. ಅವನು ನನ್ನ ಮುಖ ನೋಡಲಿಲ್ಲ, ಕೊಟ್ಟಿಗೆಯ ಕಡೆ ನೋಡುತ್ತಿದ್ದ.

"ಊವ ಆಕ್ದೆ. ಕಾಲು ಮುಟ್ನಿಲ್ಲ."